ಡೇನಿಯಲ್ ಕಾಕಾ ಸುರಿದ ಕೊನೆಯ ಗ್ಲಾಸು

ವೈನು ಸುರಿಯುವ ಮೊದಲು ಡೇನಿಯಲ್ ಕಾಕಾ ಟಾರ್ಚ್ ಹಚ್ಚಿ ನಮ್ಮ ನಾಲಿಗೆ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು. ನಿವೃತ್ತರಾದರೂ ಆ ಅಭ್ಯಾಸ ಹೋಗಿರಲಿಲ್ಲ. “ಚಾ ಕುಡದ ಬಂದೀಯಲ್ಲ? ಹೋಗು, ಬಾಯಿ ಮುಕ್ಕಳಿಸಿ ಬಾ. ಗಟಗಟ ನುಂಗಾಕ ಇದೇನು ಔಷಧ ಅಲ್ಲ,” ಎನ್ನುತ್ತಿದ್ದರು.

ಸಪ್ತಾಪುರದಲ್ಲಿ ಅವರದೂ ನಮ್ಮದೂ ಒಂದೇ ಗೋಡೆಯ ಎರಡು ಮನೆ. ಪ್ರತಿ ಬೇಸಿಗೆ ವಿಜಯಪುರದಿಂದ ಕಪ್ಪು ದ್ರಾಕ್ಷಿ ತರಿಸಿ ಕಾಕಾ ವೈನು ಮಾಡುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅದನ್ನು ಕಂದು ಬಣ್ಣದ ಔಷಧದ ಬಾಟಲಿಗಳಿಗೆ ತುಂಬಿ, ವರ್ಷದ ಚೀಟಿ ಅಂಟಿಸಿ, ಬೂಚಿನ ಮೇಲೆ ಮೇಣ ಸುರಿಯುತ್ತಿದ್ದರು. ಆ ಮೇಣ ಹಿಂದಿನ ಕ್ರಿಸ್‌ಮಸ್‌ಗೆ ಚರ್ಚಿನಲ್ಲಿ ಉರಿದು ಉಳಿದ ಬತ್ತಿಗಳದು. ಹಾಗಾಗಿ ಒಂದೊಂದು ವರ್ಷದ ಬಾಟಲಿಗೆ ಒಂದೊಂದು ಬಣ್ಣದ ಟೊಪ್ಪಿಗೆ.

೨೦೦೪ರ ದ್ರಾಕ್ಷಿ ಹಿಚುಕಿದ್ದು ನನ್ನ ಅವ್ವ. ಆ ವರ್ಷ ಕಾಕಾನ ಕೈಗೆ ಪೆಟ್ಟಾಗಿತ್ತಂತೆ. ನಾನಾಗ ನಾಲ್ಕು ವರ್ಷದವಳು. ಎರಡು ವರ್ಷದ ನಂತರ ಅವ್ವ ಇರಲಿಲ್ಲ. ಅವಳ ಕೈಯಿಂದಾದದ್ದು ಎಂದು ಉಳಿದಿದ್ದವು ಆ ಬಾಟಲಿಗಳಷ್ಟೇ. “ಹದಿನೆಂಟ ತುಂಬ್ಲಿ ಸಲೋಮಿ, ನಿಮ್ಮವ್ವನ ವೈನು ನಿನಗಂತ ಇಟ್ಟೇನಿ,” ಎಂದು ಕಾಕಾ ಹೇಳುತ್ತಲೇ ಇದ್ದರು.

೨೦೧೮ರಿಂದ ಪ್ರತಿ ಡಿಸೆಂಬರ್ ೨೬ಕ್ಕೆ ನನ್ನನ್ನು ಕೂರಿಸಿಕೊಂಡರು. ಮೇಜಿನ ಮೇಲೆ ಆರು ಸಣ್ಣ ಗ್ಲಾಸು, ಆರು ವರ್ಷದ ವೈನು. ಮೊದಲು ಹೊಸದು, ಕೊನೆಗೆ ಅವ್ವನದು. “ಮೊದಲ ಮೂಗಿಗೆ ಕೇಳು, ಆಮ್ಯಾಲ ನಾಲಿಗಿಗೆ ಕೇಳು.”

“ಕೋಳಿ ಸಾರು ಆರಾಕತ್ತೈತಿ, ನೀವಿಬ್ರೂ ಇನ್ನೂ ಹನಿ ನೆಕ್ಕಾಕತ್ತೀರಿ,” ಎಂದು ಒಳಗಿಂದ ಎಸ್ತೇರ ಕಾಕು ಗದರುತ್ತಿದ್ದರು.

“ಹನಿ ಅಲ್ಲಲೇ, ವರ್ಷ!”

ರುಚಿಗಳನ್ನೆಲ್ಲ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ಗ್ಲಾಸಿಗೆ ಪ್ರತಿ ವರ್ಷ ಹೆಚ್ಚುಕಡಿಮೆ ಇದೇ: ಹಸಿ, ಒಗರು. ಕೊನೆಯದಕ್ಕೆ: ಲವಂಗ, ಮಣ್ಣು, ಕಡೆಗೆ ಸಣ್ಣ ಕಹಿ. ಅವ್ವ.

೨೦೨೪ರಲ್ಲಿ ಕಾಕಾನ ಕೈ ನಡುಗುತ್ತಿತ್ತು. ಆ ಸಲ ಅವ್ವನ ಬಾಟಲಿಯ ಮೇಣವನ್ನು ನಾನೇ ಕೆತ್ತಿದೆ. ಉಗುರಿಗೆ ಚಿನ್ನದ ಬಣ್ಣದ ಚಮಕಿ ಅಂಟಿತು. ಚಮಕಿ ಹಾಕಿದ ಬತ್ತಿ ನಮ್ಮ ಚರ್ಚಿಗೆ ಬಂದದ್ದು ಹಿಂದಿನ ವರ್ಷದ ಕ್ರಿಸ್‌ಮಸ್‌ಗೇ ಮೊದಲು. ಹುಬ್ಬಳ್ಳಿಯಿಂದ ಆರಿಸಿ ತಂದವಳೇ ನಾನು.

“ಕಾಕಾ, ಈ ಮೇಣ ಹೋದ ವರ್ಷದ್ದರಿ.”

ಅವರು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು. “ರೂತ್‌ನ ನಿಶ್ಚಯದಾಗ ನಿಮ್ಮವ್ವನ ವೈನ್ನ ಬೀಗರು ಭಾಳ ಹೊಗಳಿದ್ರು. ಇನ್ನೊಂದ ತರ್ರಿ ಅಂದ್ರು, ತಂದೆ. ಮತ್ತ ಅಂದ್ರು, ಮತ್ತ ತಂದೆ. ಹೊಗಳಿಸಿಕೊಳ್ಳೋ ಹುಚ್ಚಿನ್ಯಾಗ ಎಲ್ಲಾ ಖಾಲಿ ಮಾಡಿದೆ.”

ಅವರ ಮಗಳು ರೂತ್ ಅಕ್ಕನ ನಿಶ್ಚಯವಾದಾಗ ನನಗೆ ಹದಿನೈದು.

“ಅಂದ್ರ ನಾ ಒಂದ ಸಲಾನೂ ಕುಡದಿಲ್ಲ?”

“ಇಲ್ಲ. ಆಯಾ ವರ್ಷದ ಹೊಸಾದ್ನ ತುಂಬಿಡತಿದ್ದೆ.”

“ಹೇಳಬೇಕು ಅನ್ನಿಸ್ಲಿಲ್ಲೇನ್ರಿ?”

“ಮೊದಲನೇ ಸಲ ಕುಡದು, ಕಣ್ಣ ಮುಚ್ಚಿ ‘ಅವ್ವ’ ಅಂದಿ. ಆಮ್ಯಾಲ ನನ್ನ ಬಾಯಿ ಕಟ್ಟಿತು.”

ಕಾಕು ಕಡೆ ನೋಡಿದೆ. ಅವರು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅವರಿಗೂ ಗೊತ್ತಿತ್ತು.

ಏಳು ವರ್ಷ ಮೊದಲ ಗ್ಲಾಸಿನಲ್ಲೂ ಕೊನೆಯ ಗ್ಲಾಸಿನಲ್ಲೂ ಇದ್ದದ್ದು ಒಂದೇ ವೈನು. ಒಂದಕ್ಕೆ ಹಸಿ ಎಂದಿದ್ದೆ, ಇನ್ನೊಂದಕ್ಕೆ ಅವ್ವ ಎಂದಿದ್ದೆ. ಎದುರಿಗೆ ಕೂತು ಅವರು ಅದನ್ನು ಕೇಳಿಸಿಕೊಂಡಿದ್ದರು, ತಲೆಯಾಡಿಸಿದ್ದರು.

ಮುಂದಿನ ಮಾರ್ಚಿನಲ್ಲಿ ಗೋಡೆಯಾಚೆಯಿಂದ ಕರೆದರು: “ಸಲೋಮಿ, ದ್ರಾಕ್ಷಿ ಬಂದಾವು.” ನಾನು ಓಗೊಡಲಿಲ್ಲ. ನವೆಂಬರಿನಲ್ಲಿ ಸತ್ತೂರಿನ ಆಸ್ಪತ್ರೆ ಸೇರಿದರು. ಎರಡು ಸಲ ಹೋಗಿ ಬಂದೆ. ಎರಡು ಸಲವೂ ಚಳಿಯ ಮಾತು, ಊಟದ ಮಾತು. ಹೊರಡುವಾಗ ಕೈ ಹಿಡಿದು, “ನಿನ್ನ ನಾಲಿಗಿ ಛಲೋ ಐತಿ, ಕೆಡಿಸ್ಕೋಬ್ಯಾಡ,” ಎಂದರು. ಕೆಡಿಸಿದವರು ನೀವೇ ಎನ್ನಬೇಕೆನಿಸಿತು. ಕೈ ಬಿಡಿಸಿಕೊಂಡೆ. ಮೂರನೆಯ ಸಲ ಹೋಗಿದ್ದು ಮಣ್ಣಿಗೆ.

ಡಿಸೆಂಬರ್ ೨೬ಕ್ಕೆ ಕಾಕು ಕರೆದರು. ಅವರೊಬ್ಬರೇ ಇದ್ದಾರೆಂದು ಹೋದೆ. ಟಾರ್ಚ್ ಇರಲಿಲ್ಲ. ಒಂದೇ ಗ್ಲಾಸಿತ್ತು, ೨೦೨೫ರದು, ಅವರು ಕೊನೆಗೆ ಮಾಡಿದ್ದು. ಹಸಿ, ಒಗರು ಇರಬೇಕಿತ್ತು. ಲವಂಗ, ಮಣ್ಣು, ಕಡೆಗೆ ಸಣ್ಣ ಕಹಿ. ನನ್ನ ನಾಲಿಗೆ ‘ಅವ್ವ’ ಎಂದಿತು.

ಎದ್ದು ಹೋಗಿ ಬಾಯಿ ಮುಕ್ಕಳಿಸಿದೆ. ರುಚಿ ಹೋಗಲಿಲ್ಲ.