ಸಲೆರ್ನೊ ಕಲ್ಲಿನ ಮೇಲೆ ಚಿತ್ರಾನ್ನ

ಆಸ್ಟಿನ್‌ನಿಂದ ಡಲ್ಲಾಸ್‌ಗೆ ಹೋಗುವ ದಾರಿ. ಊಟಕ್ಕೆ ನೆರಳು ಹುಡುಕುತ್ತ ಒಂದು ಸಣ್ಣ ಊರಿನ ಪಾರ್ಕಿನಲ್ಲಿ ಇಳಿದೆವು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿರುವ ನನ್ನ ತಂಗಿ ವಿದ್ಯಾ ಬೆಳಿಗ್ಗೆಯೇ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿದ್ದಳು. ಓಕ್ ಮರದ ಕೆಳಗೆ ಸೊಂಟದೆತ್ತರದ ಬಿಳಿ ಕಲ್ಲುಗಳ ಸಾಲಿತ್ತು; ಮೇಲೆಲ್ಲ ತರಗೆಲೆ.

"ಹೇಳಿ ಮಾಡಿಸಿದ ಹಾಗಿದೆ ಕಣೇ," ಎಂದು ನಾನೇ ಡಬ್ಬಿಗಳನ್ನು ಹರಡಿದೆ.

ಪುಟ್ಟ ಬಾವುಟ ಹಿಡಿದ ಅಮೆರಿಕನ್ ಅಜ್ಜಿಯೊಬ್ಬರು ಸ್ವಲ್ಪ ದೂರದಲ್ಲಿ ನಿಂತಿದ್ದರು. ಪಾಪ, ನೆರಳಿಗೆ ಬಂದಿರಬೇಕು ಎಂದುಕೊಂಡು ಊಟಕ್ಕೂ ಕರೆದೆ. ಅವರು ನಕ್ಕು, "ಅವಸರವಿಲ್ಲ, ನಿಮ್ಮ ಊಟ ಮುಗಿಯಲಿ," ಎಂದರು.

ಇನ್ನೊಮ್ಮೆ ಬಡಿಸಲು ಡಬ್ಬಿ ಎತ್ತಿದ ವಿದ್ಯಾ ಹಾಗೇ ನಿಂತುಬಿಟ್ಟಳು. "ಅಕ್ಕಾ, ಇಲ್ಲಿ ಹೆಸರುಗಳಿವೆ ನೋಡು."

ಎರಡನೇ ಮಹಾಯುದ್ಧದ ಒಂದೊಂದು ಕದನಕ್ಕೆ ಒಂದೊಂದು ಕಲ್ಲು. ನಾವು ಊಟ ಹರಡಿದ್ದು ಇಟಲಿಯ ಸಲೆರ್ನೊ ಕದನದ ಕಲ್ಲಿನ ಮೇಲೆ. ಅಲ್ಲಿ ಸತ್ತ ಈ ಊರಿನ ಹುಡುಗರ ಹೆಸರುಗಳನ್ನು ಬಣ್ಣ ತುಂಬದೆ, ಕಲ್ಲಿನದೇ ಬಿಳಿಯಲ್ಲಿ ಕೊರೆದಿದ್ದರು. ಅಜ್ಜಿ ಹತ್ತಿರ ಬಂದು ಚಿತ್ರಾನ್ನದ ಡಬ್ಬಿಯಿದ್ದ ಜಾಗ ತೋರಿಸಿದರು. "ನನ್ನ ಅಣ್ಣ," ಎಂದರು.

ಡಬ್ಬಿಯಿಂದ ಸೋರಿದ್ದ ಎಣ್ಣೆಯನ್ನು ವಿದ್ಯಾ ದುಪಟ್ಟಾದಿಂದಲೇ ಒರೆಸಿದಳು. ನಾನು ನೀರು ಸುರಿದು ಉಜ್ಜಿದೆ. ಕಲ್ಲೇನೋ ಚೊಕ್ಕವಾಯಿತು, ಅಕ್ಷರಗಳೊಳಗೆ ಇಳಿದ ಅರಿಸಿನದ ಎಣ್ಣೆ ಮಾತ್ರ ಹೋಗಲಿಲ್ಲ. ಅಣ್ಣನ ತಲೆಯ ಮೇಲೆ ಎಲೆ ಹಾಕಿಕೊಂಡು ಅವನ ತಂಗಿಯನ್ನೇ ಊಟಕ್ಕೆ ಕರೆದಿದ್ದೆ.

ಅಜ್ಜಿ ಬಗ್ಗಿ, ಹಳದಿಯಾದ ಹೆಸರಿನ ಮೇಲೆ ಬೆರಳಾಡಿಸಿದರು.

"ಪರವಾಗಿಲ್ಲ. ಈಗ ಕನ್ನಡಕ ಇಲ್ಲದೆಯೂ ಇವನನ್ನು ಓದಬಹುದು."