ಮತ್ತೆ ಮೊದಲಿನಿಂದ ಎಂಬ ಗುಂಡಿ

ಮೊನ್ನೆ ಬೆಳಗ್ಗೆ ಉಪ್ಪಿಟ್ಟಿಗೆ ಎರಡನೆಯ ಸಲ ಉಪ್ಪು ಹಾಕಿಬಿಟ್ಟೆನೆಂದು ಅರಿವಾದ ಕ್ಷಣವೇ ನನ್ನ ತೋರುಬೆರಳು ಬಾಣಲೆಯ ಬಲತುದಿಯನ್ನು ಒತ್ತಿತು. ಕಾದ ಬಾಣಲೆ ತಕ್ಕ ಉತ್ತರವನ್ನೇ ಕೊಟ್ಟಿತು. ನಿಮಗೆ ನಗು ಬಂದರೆ ನಗಿ. ನಮ್ಮ ಯಜಮಾನರೂ ನಕ್ಕರು, ಮೊದಲ ತುತ್ತು ಬಾಯಿಗಿಡುವವರೆಗೆ.

ಈ ಚಟ ಅಂಟಿದ್ದು ಶಾಲೆಯಲ್ಲಿ. ಮತ್ತೋಡಿನ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಬೋಧಿಸುವ ನಾನು, ಇಷ್ಟು ವರ್ಷ ಸೀಮೆಸುಣ್ಣದಲ್ಲೇ ವಿದ್ಯುತ್ತು ಹರಿಸಿದವಳು, ಈಗ ಕಂಪ್ಯೂಟರಿನ ಪರದೆಯಲ್ಲಿ ಹರಿಸುತ್ತೇನೆ. ಮಕ್ಕಳೇ ಬಂದು ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ಜೋಡಿಸುತ್ತಾರೆ. ತಪ್ಪಾದರೆ ಚಂದದ ಬೆಂಕಿಯೊಂದು ಏಳುತ್ತದೆ, ತರಗತಿ ಹೋ ಎನ್ನುತ್ತದೆ, ಬಲಮೂಲೆಯ ಕಿತ್ತಳೆ ಗುಂಡಿ ಒತ್ತಿದರೆ ಸಕಲವೂ ಮತ್ತೆ ಮೊದಲಿನಿಂದ. ಪ್ರಳಯ, ಸೃಷ್ಟಿ ಎರಡೂ ಒಂದೇ ಬೆರಳಿನಲ್ಲಿ! ಬ್ರಹ್ಮನಿಗೂ ಇಲ್ಲದ ಈ ಸವಲತ್ತಿಗೆ ನಾನು ಬೀಗಿದ್ದೇನೂ ಕಡಿಮೆಯಲ್ಲ.

ಅದೇ ದಿನ ಕೊನೆಯ ಗಂಟೆ ಹೊಡೆದಾಗ ಒಂಬತ್ತನೆಯ ತರಗತಿಯ ರೂಪ, ಕುರಿ ಸಾಕುವವರ ಮನೆಯ ಚುರುಕು ಹುಡುಗಿ, ಬಾಗಿಲಲ್ಲಿ ನಿಂತು ಹೇಳಿದಳು: "ಮೇಡಂ, ನಮ್ ತೋಟದ ಮೋಟ್ರು ಗುಂಯ್ ಅಂತೈತೆ, ತಿರುಗಲ್ಲ. ಅಪ್ಪ ಕುರಿ ಹೊಡ್ಕಂಡು ಹೋಗೈತೆ. ಇವತ್ತು ನಾನೇ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ ಸರಿ ಮಾಡ್ತೀನಿ."

"ಭೇಷ್!" ಎಂದೆ. ಬೆನ್ನು ಕೂಡ ತಟ್ಟಿದೆ.

ಸ್ಕೂಟರು ಹೊಸದುರ್ಗದ ರಸ್ತೆ ಹಿಡಿದ ಮೇಲೆ ಬೆಳಗಿನ ಸುಟ್ಟ ಬೊಕ್ಕೆ ಬ್ರೇಕಿಗೆ ತಾಗಿ ಚುರ್ರೆಂದಿತು, ಆಗ ರೂಪ ಬಿಚ್ಚಲಿದ್ದ ಪೆಟ್ಟಿಗೆ ನೆನಪಾಯಿತು. ಐದಕ್ಕೆ ಆ ಕಡೆಯ ತೋಟಗಳಿಗೆ ತ್ರೀಫೇಸ್ ಕರೆಂಟು ಬಿಡುತ್ತಾರೆ. ಬೆಂಕಿಯೆಂದರೆ ನಗುವಂಥದ್ದು ಎಂದು ಆ ಮಗುವಿಗೆ ಕಲಿಸಿದವಳು ನಾನೇ! ಅವಳ ಅಪ್ಪನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಗಾಡಿ ತಿರುಗಿಸಿದೆ. ದಾರಿಗೆ ಅಡ್ಡ ಬಂದ ಎಮ್ಮೆಗಳನ್ನು, ರಸ್ತೆಯ ಉಬ್ಬುಗಳನ್ನು, ಅವೆರಡಕ್ಕಿಂತ ಹೆಚ್ಚಾಗಿ ನನ್ನನ್ನು ಬೈದುಕೊಳ್ಳುತ್ತ, ಗಡಿಯಾರ ನೋಡುತ್ತ, ನೋಡಬಾರದಿತ್ತು ಎಂದುಕೊಳ್ಳುತ್ತ ಹೋದೆ.

ತೆಂಗಿನ ತೋಟದ ಮೋಟಾರು ಮನೆಯಲ್ಲಿ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಬಿಚ್ಚಿದ ಸ್ಕ್ರೂಗಳು ತಟ್ಟೆಯೊಂದರಲ್ಲಿ ಸಾಲಾಗಿದ್ದವು. ರೂಪ ಮಾರು ದೂರದಲ್ಲಿ ಕಲ್ಲಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದಳು.

"ಮುಟ್ಟಿದೆಯೇನೇ?" ಎಂದು ಕಿರುಚಿದೆ.

"ಇಲ್ಲ ಮೇಡಂ. ಕಿತ್ತಳೆ ಗುಂಡಿ ಹುಡುಕಿದೆ, ಇದ್ರಲ್ಲಿ ಇಲ್ಲ. ಸುಟ್ಟೋದ್ರೆ ವಾಪಸ್ ಬರಲ್ಲ ಅಂತ ಸುಮ್ನೆ ಕುಂತ್ಕಂಡೆ."

ಅವಳ ಮಾತು ಮುಗಿಯುವಷ್ಟರಲ್ಲಿ ತಲೆಯ ಮೇಲಿನ ಬಲ್ಬು ಭಗ್ಗನೆ ಹೊತ್ತಿತು. ಕರೆಂಟು ಬಂದಿತ್ತು. ಅವಳನ್ನು ಅಪ್ಪಿಕೊಂಡು ಆಚೆಗೆಳೆದೆ.

ಮರುದಿನ ಬೆಳಗ್ಗೆ ಉಪ್ಪಿನ ಚಮಚ ಹಿಡಿದವಳಿಗೆ, ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಚಮಚ ಕೆಳಗಿಟ್ಟು ರೂಪಳ ಹಾಗೆ ಕೈ ಕಟ್ಟಿಕೊಂಡು ನಿಂತೆ. ಉಪ್ಪಿಟ್ಟು ಸಪ್ಪೆಯಾಗಿತ್ತು. ಯಜಮಾನರು ಮೇಲೊಂದಿಷ್ಟು ಉಪ್ಪು ಉದುರಿಸಿಕೊಂಡು ತಿಂದರು.