ವರನ ಗುಂಡಿಗೆಯ ಸುಳಿ

ಕನ್ಯೆ ನೋಡಲು ಬಂದ ಹುಡುಗನನ್ನು ಕೊಯ್ದು ನೋಡಬೇಕು ಎಂದವರನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಕಳೆದ ರವಿವಾರ, ಮುಂಡಗೋಡದಲ್ಲಿ, ನಮ್ಮ ಕಾಕಾನ ಪಡಸಾಲೆಯಲ್ಲಿ.

ವರ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುತ್ತಿದ್ದಾನೆ. ಕನ್ಯೆ ಕಾಕಾನ ಮಗಳು ಗಂಗಾ. ಹುಡುಗ ಅವಳ ಮನಸ್ಸಿಗೆ ಬಂದಿದ್ದ (ಎರಡನೇ ಸಲ ಉಪ್ಪಿಟ್ಟು ಬಡಿಸಲು ತಾನೇ ಬಂದಳಲ್ಲ!). ಹುಡುಗನ ಮನೆಯವರೂ ಒಪ್ಪಿದ್ದರು. ಕಾಕಾ ಹೂಂ ಅನ್ನುವುದೊಂದೇ ಬಾಕಿ.

ಸುಮ್ಮನೆ ಕೂಡಲಾರದೆ, ಈಗೇನು ಓದುತ್ತಿದ್ದೀರಿ ಎಂದು ನಾನು ಕೇಳಿದೆ. ಹುಡುಗನಿಗೆ ಹುರುಪು ಬಂತು. ಹೃದಯದ ಬಲಗಡೆಯ ಕೆಳಕೋಣೆಯಂತೆ. ಅದರ ಕವಾಟದ ದಾರಗಳನ್ನು ಹಿಡಿದುಕೊಳ್ಳಲು ಮೂರು ಮಾಂಸದ ಕಂಬಗಳೆಂದು ಪುಸ್ತಕ ಹೇಳುತ್ತದಂತೆ. ಕಾಲೇಜಿನ ಟೇಬಲ್ಲಿನ ಮೇಲೆ ಹೆಣ ಕೊಯ್ದು ನೋಡಿದರೆ ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ನಾಲ್ಕು. ಅಡ್ಡಕ್ಕೊಂದು ಪಟ್ಟಿ, ಅದೂ ಒಬ್ಬನದು ದಪ್ಪ, ಇನ್ನೊಬ್ಬನದು ನೂಲಿನಷ್ಟು. ಅದರಿಂದ ಯಾರಿಗೂ ಏನೂ ಆಗುವುದಿಲ್ಲವಂತೆ.

ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು.

ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವುದರಲ್ಲಿ ಸುತ್ತಲಿನ ಹಳ್ಳಿಗೆಲ್ಲ ನಮ್ಮ ಕಾಕಾನದೇ ಕೊನೆಯ ಮಾತು. ಸುಳಿ ಸರಿಯಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಎತ್ತು ಹೊಡೆದುಕೊಂಡು ಬರುವವರಲ್ಲ. ಈ ಎರಡು ಕಂಬ, ನಾಲ್ಕು ಕಂಬದಲ್ಲಿ ಮನೆಗೆ ಆಗಿಬರಲಾರದ್ದು ಯಾವುದು ಎಂದು ಕೇಳಿದರು. ಹಾಗೇನೂ ಇಲ್ಲ ಎಂದ ಹುಡುಗ.

"ಇಲ್ಲದ ಏನ್ರಿ? ಎತ್ತಿನ ಸುಳಿ ಹೊರಗರೆ ಐತಿ. ನಿಮ್ಮದು ಒಳಗ ಐತಿ. ಹೆಂಗ ನೋಡೂಣು?"

ನಗಬೇಡಿ. ಬಣ್ಣ, ಎತ್ತರ, ಮೂಗಿನ ಉದ್ದ ಎಲ್ಲ ನೋಡಿ ಸಂಬಂಧ ಮಾಡುವ ನಾವು, ಒಳಗಿನದೂ ಕಾಣುವಂತಿದ್ದರೆ ಬಿಡುತ್ತಿದ್ದೆವೆ?

ಎಕ್ಸ್‌ರೇ ತೆಗೆಸೋಣ ಎಂದು ನಾನು ಬಾಯಿ ಹಾಕಿದೆ. ಅದರಲ್ಲಿ ಕಾಣುವುದಿಲ್ಲ, ಎಲ್ಲ ಸರಿಯಾಗಿ ಎಣಿಸಬೇಕಾದರೆ ಕೊಯ್ದೇ ನೋಡಬೇಕು ಎಂದ ಆ ಪುಣ್ಯಾತ್ಮ. (ಇಷ್ಟು ಸತ್ಯ ಹೇಳುವವನು ಮುಂದೆ ಪ್ರಾಕ್ಟೀಸು ಹೇಗೆ ಮಾಡುತ್ತಾನೋ!) ಹಾಗಾದರೆ ಕೊಯ್ಸಿಕೊಂಡು ಬರ್ರಿ, ಆಮೇಲೆ ಮಾತಾಡೋಣ ಎಂದುಬಿಟ್ಟರು ಕಾಕಾ. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಕೂಡ್ರಿ, ಕೂಡ್ರಿ ಎಂದು ನಾನು ಅಡ್ಡ ನಿಂತೆ. ಈ ಸಂಬಂಧ ತಂದವನು ನಾನೇ.

ಆಗ ಬಾಗಿಲ ಮರೆಯಿಂದ ಗಂಗಾ ಹೊರಗೆ ಬಂದಳು.

"ಅಪ್ಪಾ, ನನ್ನ ಗುಂಡಗಿ ಯಾರರೆ ಕೊಯ್ದು ನೋಡ್ಯಾರೇನು? ನೋಡಲಾರದನ ಅವರು ಒಪ್ಪ್ಯಾರ. ಕೊಯ್ಸೂದಿದ್ದರ ಮೊದಲ ನನ್ನದು ಕೊಯ್ಸು."

ಕಾಕಾ ಮಗಳ ಮುಖ ನೋಡಿದರು, ಹುಡುಗನ ಮುಖ ನೋಡಿದರು. ಆಮೇಲೆ ಸಂಬಂಧ ಗಟ್ಟಿಯಾಯಿತೆಂದು ಎಲ್ಲರಿಗೂ ಸಕ್ಕರೆ ಹಂಚಲು ಹೇಳಿದರು.

ಹುಡುಗನ ಬಲಕೋಣೆಯಲ್ಲಿ ಕಂಬ ಎರಡಿರಲಿ, ನಾಲ್ಕಿರಲಿ, ಇನ್ನು ಮುಂದೆ ಆ ಗುಂಡಿಗೆ ಗಂಗಾಳನ್ನು ಕೇಳಿಯೇ ಬಡಿಯಬೇಕಲ್ಲವೇ?